ಸವಾರನೂ ವಾಹನವೂ: ಕ್ರೂಸರ್ ಮೋಟಾರು ಸೈಕಲ್ಲಿನ ಹೊಂದಾಣಿಕೆ ಮತ್ತು ಆರೈಕೆ



ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ—ಈ ನಾಲ್ಕು ಊರುಗಳೂ ಬೆಂಗಳೂರಿನಿಂದ ಸುಮಾರು 50ರಿಂದ 60 ಕಿಲೋಮೀಟರುಗಳಷ್ಟು ದೂರದಲ್ಲಿವೆ. ಸಾವನದುರ್ಗದ ಹೆಬ್ಬಂಡೆಯನ್ನೋ ರಾಮದೇವರ ಬೆಟ್ಟವನ್ನೋ ಮೇಕೆದಾಟನ್ನೋ ನೋಡಬೇಕೆಂದು ಭಾನುವಾರದ ಬೆಳಗ್ಗೆ ಮೋಟಾರು ಸೈಕಲ್ಲನ್ನೇರಿ ಈ ಕಡೆಗೆ ಹೊರಡುವ ನಗರವಾಸಿಗಳು ಅನೇಕರು. ಇವರಲ್ಲಿ ಹಲವರ ವಾಹನ ಕ್ರೂಸರ್ ಎಂಬ ಜಾತಿಯದು. ತಗ್ಗಾದ ಸೀಟು, ಸವಾರನ ಕಡೆಗೆ ಬಾಗಿ ಬಂದ ಹ್ಯಾಂಡಲ್, ಮುಂದಕ್ಕೆ ಚಾಚಿ ಇಡತಕ್ಕ ಕಾಲು, ಇವು ಅದರ ಲಕ್ಷಣಗಳು. ಇಂಥ ವಾಹನವನ್ನು ಸವಾರನ ಮೈಗೆ ಹೊಂದಿಸಿಕೊಳ್ಳುವುದು ಹೇಗೆ, ಅದನ್ನು ಸುಸ್ಥಿತಿಯಲ್ಲಿಡುವುದು ಹೇಗೆ ಎಂಬುದೇ ಇಂದಿನ ವಿಷಯ.

ಈ ಆಕಾರವು ಹುಟ್ಟಿದ್ದು ಅಮೆರಿಕ ದೇಶದಲ್ಲಿ. ಅಲ್ಲಿನ ನೇರವಾದ, ಉದ್ದವಾದ ರಸ್ತೆಗಳಿಗೆ ಅದು ತಕ್ಕುದಾಗಿದೆ. ನಮ್ಮ ರಸ್ತೆಗಳ ಸ್ವಭಾವ ಬೇರೆ. 2023ನೆಯ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವನ್ನು ನಿಷೇಧಿಸಿದ್ದಾರೆ. ಆದುದರಿಂದ ರಾಮನಗರಕ್ಕೂ ಚನ್ನಪಟ್ಟಣಕ್ಕೂ ಹೋಗುವ ಸವಾರನು ಪಕ್ಕದ ಸರ್ವಿಸ್ ರಸ್ತೆಯನ್ನೂ ಊರೊಳಗಿನ ಹಳೆಯ ರಸ್ತೆಯನ್ನೂ ಹಿಡಿಯಬೇಕು. ಅಲ್ಲಿ ಉಬ್ಬುಗಳುಂಟು, ಗುಂಡಿಗಳುಂಟು, ಅಡ್ಡ ಬರುವ ದನಕರುಗಳುಂಟು. ಮಾಗಡಿ, ಕನಕಪುರಗಳ ಹಳ್ಳಿಗಾಡಿನಲ್ಲಾದರೋ ಸುಗ್ಗಿಯ ಕಾಲಕ್ಕೆ ರಸ್ತೆಯೇ ಕಣವಾಗಿ, ರಾಗಿಯ ಹುಲ್ಲೂ ಹುರುಳಿಯ ಬಳ್ಳಿಯೂ ಹಾಸಿರುತ್ತವೆ.

ಉಬ್ಬು ಬಂದಾಗ ಸಾಮಾನ್ಯ ಮೋಟಾರು ಸೈಕಲ್ಲಿನ ಸವಾರನು ಮೆಟ್ಟಿನ ಮೇಲೆ ಕಾಲೂರಿ ಸ್ವಲ್ಪ ಮೇಲೆದ್ದು ಪೆಟ್ಟನ್ನು ತಪ್ಪಿಸಿಕೊಳ್ಳಬಲ್ಲನು. ಕ್ರೂಸರಿನಲ್ಲಿ ಕಾಲು ಮುಂದಿರುವುದರಿಂದ ಹಾಗೆ ಏಳುವುದು ಕಷ್ಟ. ಪೆಟ್ಟೆಲ್ಲವೂ ನೇರವಾಗಿ ಬೆನ್ನುಮೂಳೆಯ ಬುಡಕ್ಕೆ ತಗಲುತ್ತದೆ. ನೋಡುವುದಕ್ಕೆ ಸುಖಾಸನದಂತಿರುವ ಈ ವಾಹನದಲ್ಲಿ ಎರಡು ಗಂಟೆಯ ಪ್ರಯಾಣಕ್ಕೇ ನಡು ಹಿಡಿದುಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ನಡು ನೊಂದು, ಮಣಿಕಟ್ಟು ಜೋಮು ಹಿಡಿದ ಸವಾರನಿಗೆ ಗಮನವೂ ಕುಗ್ಗುತ್ತದೆ. ಆದುದರಿಂದ ಹೊಂದಾಣಿಕೆಯನ್ನು ಬರಿಯ ಸುಖದ ಮಾತೆಂದು ತಿಳಿಯಬಾರದು. ಅದು ಪ್ರಾಣರಕ್ಷಣೆಯ ಮಾತು.

ಮೊದಲು ಸೀಟು. ಕುಳಿತಾಗ ಎರಡು ಪಾದಗಳೂ ನೆಲವನ್ನು ಪೂರ್ತಿಯಾಗಿ ಮುಟ್ಟಬೇಕು. ಮೀಟಿಯರ್ 350 ಎಂಬ ವಾಹನದ ಸೀಟಿನ ಎತ್ತರ 765 ಮಿಲಿಮೀಟರು. ತೂಕ ಮಾತ್ರ 191 ಕಿಲೋಗ್ರಾಂ. ಇಷ್ಟು ಭಾರವು ಒಂದು ಕಡೆಗೆ ವಾಲಿದರೆ ತುದಿಗಾಲಿನಿಂದ ತಡೆಯಲಾಗದು. ಹಾಗೆಂದು ಎತ್ತರವನ್ನು ಕಡಿಮೆ ಮಾಡುವುದಕ್ಕೆ ಸ್ಪ್ರಿಂಗುಗಳನ್ನು ಕತ್ತರಿಸುವುದು ತರವಲ್ಲ. ಹಾಗೆ ಮಾಡಿದರೆ ಉಬ್ಬಿನ ಮೇಲೆ ವಾಹನದ ಹೊಟ್ಟೆ ಉಜ್ಜುತ್ತದೆ. ಹಿಂಬದಿಯ ಷಾಕ್ ಅಬ್ಸಾರ್ಬರಿನಲ್ಲಿ ಸ್ಪ್ರಿಂಗಿನ ಬಿಗಿಯನ್ನು ಬದಲಾಯಿಸಲು ಮೆಟ್ಟಿಲಿನಂಥ ಒಂದು ಬಳೆ ಸಾಮಾನ್ಯವಾಗಿ ಇರುತ್ತದೆ. ಹಿಂದೆ ಮತ್ತೊಬ್ಬರು ಕುಳಿತಾಗ ಬಿಗಿಯನ್ನು ಹೆಚ್ಚಿಸಿ, ಒಬ್ಬರೇ ಹೋಗುವಾಗ ಇಳಿಸಬೇಕು. ಎರಡು ಷಾಕ್ ಅಬ್ಸಾರ್ಬರುಗಳಿದ್ದರೆ ಎರಡೂ ಒಂದೇ ಮೆಟ್ಟಿಲಿನಲ್ಲಿರತಕ್ಕದ್ದು.

ಎರಡನೆಯದು ಹ್ಯಾಂಡಲ್. ಬೆನ್ನನ್ನು ಸಹಜವಾಗಿಟ್ಟುಕೊಂಡು ಕೈ ಚಾಚಿದರೆ ಮೊಣಕೈ ಸ್ವಲ್ಪ ಮಡಿಸಿದಂತೆಯೇ ಹಿಡಿಕೆ ಸಿಗಬೇಕು. ಸಿಗದಿದ್ದರೆ ಹ್ಯಾಂಡಲನ್ನು ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ, ಅದನ್ನು ತುಸು ಹಿಂದಕ್ಕೋ ಮುಂದಕ್ಕೋ ತಿರುಗಿಸಿ, ಮತ್ತೆ ಎಲ್ಲ ಬೋಲ್ಟುಗಳನ್ನೂ ಕೈಪಿಡಿಯಲ್ಲಿ ಹೇಳಿರುವ ಕ್ರಮದಂತೆ ಬಿಗಿಮಾಡಬೇಕು. ಅನಂತರ ಒಂದು ಪರೀಕ್ಷೆ ಅವಶ್ಯ. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಎಂಜಿನನ್ನು ಮಂದವಾಗಿ ಓಡಿಸುತ್ತ, ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿಯಾಗಿ ತಿರುಗಿಸಿರಿ. ಎಂಜಿನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರಿನ ತಂತಿ ಎಳೆಯುತ್ತಿದೆಯೆಂದು ಅರ್ಥ. ಆ ಸ್ಥಿತಿಯಲ್ಲಿ ರಸ್ತೆಗಿಳಿಯಲೇಬಾರದು. ತಯಾರಕರು ಒಪ್ಪದ ಬೇರೆ ಆಕಾರದ ಹ್ಯಾಂಡಲನ್ನು ಜೋಡಿಸುವ ಮೊದಲು, ವಾಹನದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಲ್ಲಿ ನಿರ್ಬಂಧವಿದೆಯೆಂಬುದನ್ನು ನೆನೆಯಬೇಕು.

ಮೂರನೆಯದು ಬ್ರೇಕು, ಕ್ಲಚ್ಚುಗಳ ಹಿಡಿ. ಮುಂಗೈ, ಮಣಿಕಟ್ಟು, ಬೆರಳು ಒಂದೇ ನೇರದಲ್ಲಿರುವಾಗ ಬೆರಳಿನ ತುದಿ ಹಿಡಿಯನ್ನು ಮುಟ್ಟಬೇಕು. ಇದು ಸಣ್ಣ ವಿಷಯವೆಂದು ಭಾವಿಸಬೇಡಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಹಿಡಿಯನ್ನು ಬೆರಳು ಹುಡುಕುವುದರಲ್ಲಿ ಅರ್ಧ ಸೆಕೆಂಡು ಕಳೆದರೆ, ಬ್ರೇಕು ಹತ್ತುವ ಮೊದಲೇ ಎಂಟು ಮೀಟರು ಮುಂದೆ ಹೋಗಿರುತ್ತೇವೆ. ಅಡ್ಡ ಬಂದ ಮಗುವಿಗೂ ನಮಗೂ ನಡುವೆ ಆ ಎಂಟು ಮೀಟರೇ ಇರಬಹುದು. ಕಾಲಿನ ಬ್ರೇಕಿನ ಪೆಡಲನ್ನೂ ಹೀಗೆಯೇ, ಪಾದವನ್ನೆತ್ತದೆ ಒತ್ತುವಂತೆ, ಆದರೆ ಸುಮ್ಮನಿಟ್ಟ ಪಾದದ ಭಾರಕ್ಕೆ ಒತ್ತಿಹೋಗದಂತೆ ಹೊಂದಿಸಬೇಕು. ಹೊಂದಿಸಿದ ಮೇಲೆ ಹಿಂಬದಿಯ ಕೆಂಪು ದೀಪ ಸಕಾಲದಲ್ಲಿ ಹತ್ತಿ ಆರುತ್ತದೆಯೇ ಎಂದು ನೋಡತಕ್ಕದ್ದು.

ಇನ್ನು ಆರೈಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಎಂಬ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. ಆ ಟೂ-ಸ್ಟ್ರೋಕ್ ಎಂಜಿನಿಗೆ ಪೆಟ್ರೋಲಿನೊಡನೆ ಎಣ್ಣೆಯನ್ನು ಅಳೆದು ಬೆರೆಸಬೇಕಾಗಿತ್ತು. ಹೀಗಾಗಿ ಪ್ರತಿ ಸಲ ಪೆಟ್ರೋಲ್ ತುಂಬುವಾಗಲೂ ವಾಹನದ ಆರೋಗ್ಯದ ಕಡೆಗೆ ಗಮನ ಹರಿಯುತ್ತಿತ್ತು. ಇಂದಿನ ಫೋರ್-ಸ್ಟ್ರೋಕ್ ಎಂಜಿನ್ ಅಷ್ಟು ಕೇಳುವುದಿಲ್ಲ. ಅದರಿಂದಲೇ ನಾವು ಮರೆಯುತ್ತೇವೆ.

ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ಅಳತೆ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಗಾಳಿಯ ಒತ್ತಡ ಹೆಚ್ಚಿ, ಅಳತೆಯು ನಮ್ಮನ್ನು ವಂಚಿಸುತ್ತದೆ. ಎಂಜಿನ್ ಆಯಿಲನ್ನು ವಾಹನವನ್ನು ನೆಟ್ಟಗೆ ನಿಲ್ಲಿಸಿ ನೋಡಬೇಕು. ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿಸಿ ನೋಡಿದರೆ ಮಟ್ಟ ಸರಿಯಾಗಿ ತಿಳಿಯದು. ಡಿಸ್ಕ್ ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಗುಣದ್ದಾದುದರಿಂದ, ಅದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೊಳಗಾಗುವುದು ಚೈನು. ರಾಮನಗರದಲ್ಲಿ ರೇಷ್ಮೆಯ ನೂಲು ತೆಗೆಯುವವರನ್ನು ಕೇಳಿದರೆ, ಎಳೆ ಅತಿಯಾಗಿ ಬಿಗಿದರೆ ಹರಿಯುತ್ತದೆ, ಸಡಿಲವಾದರೆ ಸಿಕ್ಕಾಗುತ್ತದೆ ಎನ್ನುತ್ತಾರೆ. ಚೈನಿನ ಧರ್ಮವೂ ಅದೇ. ಕೆಳಭಾಗದ ನಡುವೆ ಬೆರಳಿನಿಂದ ಎತ್ತಿ ಇಳಿಸಿದಾಗ ಅದು ಸಾಮಾನ್ಯವಾಗಿ ಎರಡು-ಮೂರು ಸೆಂಟಿಮೀಟರು ಆಡಬೇಕು. ನಿಮ್ಮ ವಾಹನದ ಕೈಪಿಡಿ ಹೇಳುವ ಅಳತೆಯೇ ಪ್ರಮಾಣ. ಸವಾರನು ಕುಳಿತು ಹಿಂಬದಿ ತಗ್ಗಿದಾಗ ಚೈನು ಇನ್ನೂ ಬಿಗಿಯಾಗುತ್ತದೆ. ಆದುದರಿಂದ ಖಾಲಿ ವಾಹನದಲ್ಲಿ ಸೆಟೆದು ನಿಂತ ಚೈನು ಅಪಾಯದ್ದು. ಚಕ್ರವನ್ನು ತಿರುಗಿಸಿ ಅತ್ಯಂತ ಬಿಗಿಯಾದ ಜಾಗದಲ್ಲಿ ಅಳೆಯಿರಿ. ಸರಿಪಡಿಸುವಾಗ ಎರಡು ಪಕ್ಕದ ಗುರುತುಗಳೂ ಸಮನಾಗಿರಲಿ. ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ, ಧೂಳಿನ ದಾರಿಯಲ್ಲಿ ಹೋಗಿ ಬಂದ ಮೇಲೆ ಅದಕ್ಕೂ ಮೊದಲೇ, ಒರೆಸಿ ಎಣ್ಣೆ ಕೊಡಬೇಕು. ಹುರುಳಿಯ ಬಳ್ಳಿಯ ಮೇಲೆ ಹಾದುಬಂದಿದ್ದರೆ ಚಕ್ರದ ನಡುವೆಯೂ ಸ್ಪ್ರಾಕೆಟ್ಟಿನ ಸುತ್ತಲೂ ಎಳೆ ಸುತ್ತಿಕೊಂಡಿದೆಯೇ ಎಂದು ನೋಡಿರಿ. ಈ ಕೆಲಸವನ್ನೆಲ್ಲ ಎಂಜಿನನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ ಮಾಡತಕ್ಕದ್ದು. ಓಡುವ ಚೈನಿಗೆ ಬಟ್ಟೆ ಹಿಡಿದರೆ, ಬಟ್ಟೆಯೊಡನೆ ಬೆರಳೂ ಹೋಗುತ್ತದೆ.

ಇದಕ್ಕೆಲ್ಲ ವಾರಕ್ಕೆ ಅರ್ಧ ಗಂಟೆ ಸಾಕು. ಕೆಲವು ಸ್ಪ್ಯಾನರುಗಳೂ ಗಾಳಿಯ ಅಳತೆಗೋಲೂ ಒಂದು ಚಿಂದಿಬಟ್ಟೆಯೂ ಇದ್ದರಾಯಿತು. ಬ್ರೇಕಿನ ಒಳಭಾಗದ ಕೆಲಸವನ್ನೂ ಎಂಜಿನಿನ ಕೆಲಸವನ್ನೂ ಬಲ್ಲ ಮೆಕ್ಯಾನಿಕನಿಗೇ ಬಿಡುವುದು ವಿವೇಕ. ಆದರೆ ನಿಮ್ಮ ಕೈ ಎಷ್ಟು ಉದ್ದ, ನಿಮ್ಮ ಬೆನ್ನು ಎಲ್ಲಿ ನೋಯುತ್ತದೆ ಎಂಬುದನ್ನು ಯಾವ ಮೆಕ್ಯಾನಿಕನೂ ಅರಿಯನು. ಆದುದರಿಂದ ಮೈಗೆ ಹೊಂದಿಸುವ ಕೆಲಸದಲ್ಲಿ ಸವಾರನು ತಾನೇ ಕೈಹಾಕಬೇಕು. ಮುಂದಿನ ಸಲ ಮಾಗಡಿಯ ಕಡೆಗೋ ಕನಕಪುರದ ಕಡೆಗೋ ಹೊರಡುವವರು, ಹಿಂದಿನ ಸಂಜೆಯೇ ಈ ಅರ್ಧ ಗಂಟೆಯನ್ನು ತೆಗೆದಿಡಲಿ ಎಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.