ಪಿನ್ನು ಹಾಕಿದ್ದೇವಲ್ಲ, ಇನ್ನೇನು?

ಕಡೂರಿನ ಓದುಗರೊಬ್ಬರ ಬಳಿ ತೆಂಗಿನಕಾಯಿ ಸಾಗಿಸುವ ಹಳೇ ಮೆಟಾಡೋರ್ ಇದೆ. ಮುಂದಿನ ಗಾಲಿಯ ಬೇರಿಂಗ್ ಹೊಸದು ಹಾಕಿಸಿ, ಪಾನಾಕ್ಕೆ ಪೈಪು ತೂರಿಸಿ, ಅದರ ಮೇಲೆ ಹತ್ತಿ ನಿಂತು ಆಕ್ಸಲ್ ನಟ್ಟು ಬಿಗಿದರಂತೆ. ಪಿನ್ನೂ ಹಾಕಿದರಂತೆ. ಆದರೂ ತರೀಕೆರೆ ಕಡೆ ನಾಲ್ಕು ದಿನ ಓಡಾಡುವಷ್ಟರಲ್ಲಿ ಗಾಲಿ ಮತ್ತೆ ಗುಂಯ್‌ಗುಟ್ಟುತ್ತಿದೆ. ಯಾಕೆ ಎಂದು ಕೇಳಿದ್ದಾರೆ.

ಪಿನ್ನಿನ ಮೇಲೆ ನಮ್ಮವರಿಗಿರುವ ಭರವಸೆ ಎತ್ತಿನ ಬಂಡಿಯಿಂದ ಬಂದದ್ದೆಂದು ನನ್ನ ಗುಮಾನಿ. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದವರಿಗೆ ಕಡಾಣಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬಂಡಿಯ ಗಾಲಿ ಅಚ್ಚಿನ ಮೇಲೆ ಸಡಿಲವಾಗಿಯೇ ಸುತ್ತಬೇಕು. ಆಚೆ ಜಾರದಂತೆ ಕಡಾಣಿ ತಡೆದರೆ ಸಾಕು. ಮೆಟಾಡೋರ್ ಲೆಕ್ಕ ಬೇರೆ. ಅದರಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಗಾಲಿಗಳಿಗೆ. ಇಂಥ ಗಾಲಿಯಲ್ಲಿ ಶಾಫ್ಟು, ಬೇರಿಂಗಿನ ಒಳಬಳೆ, ಹಬ್ಬು ಮೂರೂ ಮಿಸುಕದಂತೆ ಒತ್ತಿಕೊಂಡಿರಬೇಕು. ಒತ್ತುವುದು ನಟ್ಟಿನ ಕೆಲಸ. ಪಿನ್ನು ನಟ್ಟು ಕಳಚದಂತೆ ಕಾಯುತ್ತದೆಯೇ ಹೊರತು ಬಿಗಿಯನ್ನು ಒಂದಿಷ್ಟೂ ಕೊಡುವುದಿಲ್ಲ.

ಹಾಗಾದರೆ ಬಿಗಿ ಎಲ್ಲಿಂದ ಬಂತು? ಎಷ್ಟು ಸಲ ಹೇಳಿದರೂ ನನಗೆ ಬೇಸರವಾಗದ ಸಂಗತಿ ಇದು. ನಟ್ಟು ತಿರುಗಿದಂತೆ ಉಕ್ಕಿನ ಶಾಫ್ಟು ಹಿಗ್ಗುತ್ತದೆ! ಎಷ್ಟು? ಮಿಲಿಮೀಟರಿನಲ್ಲಿ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಹಿಗ್ಗಿದ ಉಕ್ಕು ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಬಿಗಿ. 60 ಕಿಲೋ ತೂಗುವವರು ನಟ್ಟಿನಿಂದ ಅರ್ಧ ಮೀಟರ್ ದೂರಕ್ಕೆ ಪೈಪಿನ ಮೇಲೆ ನಿಂತರೆ ಸುಮಾರು 300 ನ್ಯೂಟನ್-ಮೀಟರ್ ಟಾರ್ಕ್ ಆಯಿತು. (ಫೋಕ್ಸ್‌ವ್ಯಾಗನ್ನಿನ ಎಪ್ಪತ್ತರ ದಶಕದ ವ್ಯಾನಿನ ಹಿಂದಿನ ಆಕ್ಸಲ್ ನಟ್ಟು ಕೇಳುವುದು 340ರಷ್ಟು.) 24 ಮಿ.ಮೀ. ದಪ್ಪದ ಥ್ರೆಡ್ಡಿನಲ್ಲಿ ಆ 300, ಆರು ಟನ್ನಿಗೂ ಮಿಕ್ಕ ಒತ್ತಡವಾಗಿ ಗಾಲಿಯನ್ನು ಹಿಡಿಯುತ್ತದೆ.

ಅದೂ ಸೋರಿಹೋಗಿ ಉಳಿದ ಬಲದಿಂದ. ನಾವು ಹಾಕುವ ಟಾರ್ಕಿನಲ್ಲಿ ಅರ್ಧದಷ್ಟು, ನಟ್ಟಿನ ತಳ ವಾಷರಿಗೆ ಉಜ್ಜುವುದರಲ್ಲೇ ಮುಗಿಯುತ್ತದೆ. ಇನ್ನು ನೂರಕ್ಕೆ 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಶಾಫ್ಟು ಹಿಗ್ಗಿಸಲು ಸಿಗುವುದು ಹತ್ತೇ ಭಾಗ. ಹಳೇ ಗಾಡಿಯ ತುಕ್ಕು ಇದರಲ್ಲೂ ಪಾಲು ಕೇಳುತ್ತದೆ. ಬಿಗಿ ಅರ್ಧಕ್ಕೆ ಇಳಿಯಬಹುದು. ಪೈಪಿನ ಮೇಲೆ ನಿಂತವರ ಕಾಲಿಗೆ ಮಾತ್ರ ‘ಗಟ್ಟಿಯಾಯ್ತು’ ಅನ್ನಿಸಿರುತ್ತದೆ! ಹಾಗೆಂದು ಎಣ್ಣೆ ಸುರಿದರೆ ಅದೇ ಟಾರ್ಕಿಗೆ ಎಂಟು ಟನ್ ದಾಟಿ ಥ್ರೆಡ್ಡೇ ಕೆಡಬಹುದು. ಗಾಡಿ ಹೊರಡುವಾಗ ಗಾಲಿಯ ಕೆಳಗೆ ನಿಂಬೆಹಣ್ಣು ಇಡುವವರು, ಅದಕ್ಕೂ ಮೊದಲು ಥ್ರೆಡ್ಡನ್ನು ತಂತಿಬ್ರಷ್ಷಿನಿಂದ ಉಜ್ಜಿದ್ದರೆ ಎಷ್ಟೋ ಬೇರಿಂಗುಗಳು ಉಳಿಯುತ್ತಿದ್ದವು. ನಿಂಬೆ ಪಾನಕಕ್ಕೆ ಇರಲಿ.

ಎಲ್ಲ ನಟ್ಟನ್ನೂ ಹೀಗೇ ಬಿಗಿಯಲು ಹೋಗಬೇಡಿ. ಲಾರಿಯ ಮುಂದಿನ ಗಾಲಿಯ ಟೇಪರ್ ಬೇರಿಂಗಿಗೆ ನಟ್ಟು ಬಿಗಿದು, ಮತ್ತೆ ತುಸು ಸಡಿಲಿಸಿಯೇ ಪಿನ್ನು ಹಾಕುವುದು. ಅಲ್ಲಿ ಪೈಪು ಹತ್ತಿ ನಿಂತರೆ ಬೇರಿಂಗು ಕಾದು ಸೀದುಹೋಗುತ್ತದೆ. ಯಾವ ನಟ್ಟಿಗೆ ಎಷ್ಟು ಎಂಬುದನ್ನು ಕಂಪನಿಯ ಪುಸ್ತಕ ನೋಡಿಯೇ ತಿಳಿಯಬೇಕು.

ಕಡೂರಿನ ಓದುಗರು ಟಾರ್ಕ್ ರೆಂಚ್ ಇರುವ ಗ್ಯಾರೇಜು ಹುಡುಕುವುದು ಒಳ್ಳೆಯದು. ಕೊನೆಯ ಬಿಗಿ ಕೊಡುವಾಗ ಗಾಲಿ ನೆಲದ ಮೇಲಿರಲಿ. ಗಾಡಿ ಜಾಕಿನ ಮೇಲಿದ್ದರೆ ಅಷ್ಟು ಬಲಕ್ಕೆ ಉರುಳೀತು. ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಿ, ಹಿಂದಕ್ಕೆ ಬೇಡ. ಅದಕ್ಕೂ ಮೊದಲು ಬೇರಿಂಗ್ ಬಿಚ್ಚಿಸಿ ನೋಡಿ. ಸಡಿಲ ನಟ್ಟಿನಲ್ಲಿ ಓಡಿ ಸವೆದ ಬೇರಿಂಗು, ಈಗ ಎಷ್ಟು ಬಿಗಿದರೂ ಸದ್ದು ನಿಲ್ಲಿಸುವುದಿಲ್ಲ; ಹೊಸದೇ ತರಬೇಕು.