ಅಕೀಕಾದ ಉಡುಗೊರೆ ಮತ್ತು ಬಾಣಂತಿಯ ತಟ್ಟೆ
ಜಯನಗರ, ಬಿಟಿಎಂ ಲೇಔಟ್‌ಗಳ ಅಕೀಕಾ ಮನೆಗಳಿಗೆ ಈಗ ಹತ್ತಾರು ಸಾವಿರದ ತಳ್ಳುಗಾಡಿಗಳು ಬರುತ್ತಿವೆ. ಕಿತ್ತುಹೋದ ಫುಟ್‌ಪಾತಿನಲ್ಲಿ ಅವು ಓಡುವುದಾದರೂ ಎಲ್ಲಿ? ಹೆಸರಿಗೆ ಮಗುವಿಗೆ, ನಿಜಕ್ಕೆ ನೆಂಟರ ಕಣ್ಣಿಗೆ.

ಅದು ಹಣದ ಮಾತಾಯಿತು. ವಾಕರ್ ಪ್ರಾಣದ ಮಾತು. ಎಷ್ಟೇ ದುಬಾರಿಯಾದರೂ ಅದು ನಡಿಗೆ ಕಲಿಸದು. ಕ್ಷಣಾರ್ಧದಲ್ಲಿ ಮಗುವನ್ನು ಮೆಟ್ಟಿಲಿನ ಅಂಚಿಗೋ ಬಿಸಿ ಚಹಾದ ಬಳಿಗೋ ಒಯ್ಯುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ. ಹಾಲಿನ ಬಾಟಲಿಯ ಜಾಹೀರಾತಿಗೆ ನಮ್ಮ ದೇಶದ 1992ರ ಕಾಯ್ದೆಯೇ ತಡೆ ಹಾಕಿದೆ.

ಮೊದಲ 6 ತಿಂಗಳು ಎದೆಹಾಲೊಂದೇ ಸಾಕು. ಹಾಲುಣಿಸುವ ಅವಧಿಯನ್ನು ಪೂರ್ಣಗೊಳಿಸಬಯಸುವವರಿಗೆ 2 ವರ್ಷ ಎನ್ನುವ ಅಲ್‌ಬಕರಃ ಅಧ್ಯಾಯದ 233ನೇ ಸೂಕ್ತವೇ, ತಾಯಿಯ ಊಟ-ಬಟ್ಟೆಯ ಹೊಣೆಯನ್ನು ತಂದೆಯ ಮೇಲಿಟ್ಟಿದೆ. ಗಾಡಿಯ ಬ್ರ್ಯಾಂಡ್ ವಿಚಾರಿಸುವ ನಾವು ಬಾಣಂತಿ ಊಟ ಮಾಡಿದಳೇ ಎಂದು ಕೇಳುತ್ತೇವೆಯೇ? ಉಡುಗೊರೆಯ ಹಣ ಅವಳ ಊಟಕ್ಕೆ, ವಿಶ್ರಾಂತಿಗೆ ಹೋಗಲಿ. ಮನೆಯಲ್ಲಿ ವಾಕರ್ ಇದ್ದರೆ ಇನ್ನೊಬ್ಬರಿಗೆ ದಾಟಿಸಬೇಡಿ. ಚಕ್ರ ಕಿತ್ತು ಎಸೆಯಿರಿ.