ಬಕೆಟ್ ಒದೆಯುವ ವ್ಯಾಕರಣ

ಇಂಗ್ಲಿಷಿನಲ್ಲಿ ‘ಕಿಕ್ ದ ಬಕೆಟ್’ ಎಂದರೆ ಸಾಯುವುದು. ನಮ್ಮ ‘ಗೊಟಕ್ ಅಂದ’ ಎಂಬಂತೆ ತುಸು ಒರಟು ಮಾತು. ಬಕೆಟ್ಟಿಗೂ ಸಾವಿಗೂ ಎಲ್ಲಿಯ ನಂಟು ಎಂಬುದಕ್ಕೆ ಊಹೆಗಳು ಹಲವು, ಅದಿರಲಿ. ಕಾಲ ಬದಲಿಸಿ ‘ಕಿಕ್ಡ್ ದ ಬಕೆಟ್’ ಎಂದರೆ ತಕರಾರಿಲ್ಲ, ಸತ್ತ ಎಂದೇ ಅರ್ಥ. ಆದರೆ ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ‘ದ ಬಕೆಟ್ ವಾಸ್ ಕಿಕ್ಡ್’ ಎನ್ನಿ: ಸಾವು ಮಾಯವಾಗಿ, ಒದೆ ತಿಂದ ಬಕೆಟ್ ಮಾತ್ರ ಉಳಿಯುತ್ತದೆ.

ಗುಟ್ಟು ರಟ್ಟು ಮಾಡುವುದಕ್ಕೆ ‘ಸ್ಪಿಲ್ ದ ಬೀನ್ಸ್’ ಎನ್ನುತ್ತಾರೆ. ಇದನ್ನು ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದು ತಿರುಗಿಸಿದರೂ ಗುಟ್ಟು ರಟ್ಟಾಗಿಯೇ ಇರುತ್ತದೆ! ಜೆಫ್ರಿ ನನ್‌ಬರ್ಗ್, ಐವನ್ ಸ್ಯಾಗ್, ಥಾಮಸ್ ವಾಸೋ ಎಂಬ ಭಾಷಾವಿಜ್ಞಾನಿಗಳು 1994ರಲ್ಲಿ ಇದಕ್ಕೊಂದು ಕಾರಣ ಕೊಟ್ಟರು. ಇಲ್ಲಿ ಅರ್ಥ ಪದಗಳಿಗೆ ಪಾಲಾಗಿದೆ; ಚೆಲ್ಲುವುದು ಬಯಲು ಮಾಡುವುದಕ್ಕೆ, ಬೀನ್ಸ್ ಗುಟ್ಟಿಗೆ. ಬಕೆಟ್ಟಿಗೆ ಅಂಥ ಪಾಲೇ ಇಲ್ಲ. ಸಾಯುವುದು ಅಕರ್ಮಕ ಕ್ರಿಯೆ, ಅದಕ್ಕೇಕೆ ಕರ್ಮಪದ? ಎಲ್ಲ ನುಡಿಗಟ್ಟುಗಳೂ ಈ ಲೆಕ್ಕಕ್ಕೆ ಸಿಗುವುದಿಲ್ಲ, ಆದರೂ ನನಗೆ ಇದು ಒಪ್ಪುವ ವಾದ.

ಗಾದೆಗಳದು ಇನ್ನೊಂದು ತರಲೆ. ‘ಲೈಕ್ ಫಾದರ್, ಲೈಕ್ ಸನ್’ ಎಂಬಲ್ಲಿ ಕ್ರಿಯಾಪದವೇ ಇಲ್ಲ, ಇಂಗ್ಲಿಷ್ ಮೇಷ್ಟ್ರು ಕೆಂಪು ಗೆರೆ ಎಳೆಯಬೇಕಾದ ವಾಕ್ಯ. ಕನ್ನಡಿಗರಿಗೆ ಇದು ಅಚ್ಚರಿಯಲ್ಲ. ‘ಇವಳು ನನ್ನ ತಂಗಿ’ ಎಂದು ಕ್ರಿಯಾಪದವಿಲ್ಲದೆ ದಿನವೂ ಹೇಳುತ್ತೇವೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ನಮ್ಮ ವ್ಯಾಕರಣದ ನಡುಮನೆಯಲ್ಲೇ ಕೂತಿದ್ದರೆ, ಅವರ ಗಾದೆಗೆ ಸಿಕ್ಕಿರುವುದು ಜಗಲಿ.

ಕೆಲವು ಮಾತುಗಳಲ್ಲಿ ಹಳೆಯ ವ್ಯಾಕರಣ ಹಾಗೇ ಉಳಿದಿದೆ. ‘ಗಾಡ್ ಸೇವ್ ದ ಕಿಂಗ್’ ಎಂಬಲ್ಲಿ ‘ಸೇವ್ಸ್’ ಆಗದಿರುವುದು ತಪ್ಪಲ್ಲ. ಅದು ನಮ್ಮ ‘ಕಾಪಾಡಲಿ’ಯಂಥ ಹಾರೈಕೆಯ ರೂಪ. ಜನ ಹೆಚ್ಚಿದಷ್ಟೂ ಗಮ್ಮತ್ತು ಎನ್ನುವ ‘ದ ಮೋರ್, ದ ಮೆರಿಯರ್’ ಇನ್ನೂ ಸೊಗಸು. ಇಲ್ಲಿನ ‘ದ’ ನಾವು ಶಾಲೆಯಲ್ಲಿ ಕಲಿತ ಆರ್ಟಿಕಲ್ ಅಲ್ಲ. ಹಳೆಯ ಇಂಗ್ಲಿಷಿನ ‘ಅದು’ ಎಂಬ ಸರ್ವನಾಮ ತೃತೀಯಾ ವಿಭಕ್ತಿಯಲ್ಲಿ ತಳೆಯುತ್ತಿದ್ದ ರೂಪದ ಕುಡಿ ಇದು, ‘ಅಷ್ಟರ ಮಟ್ಟಿಗೆ’ ಎಂಬ ಅರ್ಥದ್ದು. ನಾಮಪದಗಳ ವಿಭಕ್ತಿಗಳನ್ನು ಇಂಗ್ಲಿಷ್ ಬಹುಪಾಲು ಕಳೆದುಕೊಂಡು ಶತಮಾನಗಳಾದವು. ಇದು ಮಾತ್ರ ಉಳಿದುಕೊಂಡಿತು. ಹಾಗಂತ ಹೆಪ್ಪುಗಟ್ಟಿಲ್ಲ, ಹೊಸ ಮಾತುಗಳಿಗೆ ಅಚ್ಚಾಗಿದೆ. ಚಾರ್ಲ್ಸ್ ಫಿಲ್‌ಮೋರ್, ಪಾಲ್ ಕೇ, ಮೇರಿ ಕ್ಯಾಥರೀನ್ ಓ’ಕಾನರ್ ಎಂಬ ಭಾಷಾವಿಜ್ಞಾನಿಗಳು 1988ರಲ್ಲಿ ಇಂಥ ಅಚ್ಚುಗಳನ್ನು ಅಪವಾದವೆಂದು ಮೂಲೆಗೆ ತಳ್ಳದೆ ವ್ಯಾಕರಣದ ಒಳಗೇ ಸೇರಿಸಬೇಕೆಂದು ವಾದಿಸಿದರು. ‘ದ ಬಿಗರ್, ದ ಬೆಟರ್’, ‘ದ ಸೂನರ್, ದ ಬೆಟರ್’ ಎಂದು ಅದೇ ಅಚ್ಚಿನಲ್ಲಿ ಬೇಕಾದಷ್ಟು ಹೊಸ ಮಾತು ಎರೆಯಬಹುದು, ಕೇಳಿದವರು ಗಾದೆಯೆಂದೇ ತಿಳಿದಾರು.